ಒಟ್ಟಿಗೆ ನುಡಿಸಿದ ತಪ್ಪಿಗೆ

ಸಂಗೀತಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ ಎಂಬ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಕೇಳಿದ್ದೇವೆ. ಹೇಳುವವರು ಸಾಮಾನ್ಯವಾಗಿ ವೇದಿಕೆಯ ಮೇಲೆ ಕೂತವರು. ಸಂಗೀತಕ್ಕೆ ಇಲ್ಲದಿರಬಹುದು. ಆದರೆ ಅದನ್ನು ನುಡಿಸುವ ಜಾಗಕ್ಕೆ, ಕೇಳುವವರ ಕುರ್ಚಿಗೆ, ನುಡಿಸಿದವನು ಆಮೇಲೆ ಉಣ್ಣುವ ತಟ್ಟೆಗೆ ಇದೆಯಲ್ಲ, ಅದಕ್ಕೇನು ಮಾಡೋಣ? ಇದನ್ನು ತಿಳಿಯಲು ದಕ್ಷಿಣ ಆಫ್ರಿಕದ ಲೂಯಿಸ್ ಮೊಹೊಲೊ ಎಂಬ ಡ್ರಮ್ ವಾದಕನ ಬದುಕನ್ನು ನೋಡಬೇಕು. 2025ರ ಜೂನ್ 13ರಂದು ಆತ ತನ್ನ 85ನೆಯ ವಯಸ್ಸಿನಲ್ಲಿ ತೀರಿಕೊಂಡ. ‘ಬ್ಲೂ ನೋಟ್ಸ್’ ಎಂಬ ಜಾಝ್ ತಂಡದ ಆರು ಜನರಲ್ಲಿ ಉಳಿದಿದ್ದ ಕೊನೆಯವನು ಆತ.

ಮೊಹೊಲೊ ಹುಟ್ಟಿದ್ದು 1940ರಲ್ಲಿ, ಕೇಪ್‌ಟೌನಿನಲ್ಲಿ. ಬೆಳೆದದ್ದು ಲಾಂಗಾದಲ್ಲಿ. ಲಾಂಗಾ ಅಂದರೆ ಕರಿಯರನ್ನು ನಗರದಿಂದ ದೂರ ಇಡಲಿಕ್ಕೆಂದೇ ಸರ್ಕಾರ ಕಟ್ಟಿದ ಕೇರಿ. ದುಡಿಯಲು ನಗರಕ್ಕೆ ಬರಬೇಕು, ಮಲಗಲು ಕೇರಿಗೆ ಹೋಗಬೇಕು, ನಡುವೆ ಪೊಲೀಸರು ಕೇಳಿದಾಗ ಪಾಸು ತೋರಿಸಬೇಕು. ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೊಹೊಲೊಗೆ ಎಂಟು ವರ್ಷವಾಗಿದ್ದಾಗ, 1948ರಲ್ಲಿ, ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು. 1950ರ ಕಾನೂನು ಯಾವ ಬಣ್ಣದವರು ಎಲ್ಲಿ ವಾಸಿಸಬೇಕೆಂದು ಗೆರೆ ಎಳೆಯಿತು. 1953ರ ಕಾನೂನು ಬೆಂಚು, ಬಸ್ಸು, ಸಭಾಂಗಣಗಳನ್ನೂ ಬೇರೆ ಬೇರೆ ಮಾಡಿತು. 1960ರ ಮಾರ್ಚ್ 21ರಂದು ಪಾಸು ಕಾನೂನಿನ ವಿರುದ್ಧ ಸೇರಿದ ಜನರ ಮೇಲೆ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ಅದೇ ದಿನ ಲಾಂಗಾದಲ್ಲೂ ಗುಂಡು ಹಾರಿತು. ಮೊಹೊಲೊಗೆ ಆಗ ಇಪ್ಪತ್ತು ವರ್ಷ.

ಆ ಕೇರಿಗಳಲ್ಲಿ ಜಾಝ್ ಸಂಗೀತ ಹೊರಗಿನ ಸರಕಾಗಿ ಉಳಿಯಲಿಲ್ಲ. ಅಮೆರಿಕದಲ್ಲಿ ಗುಲಾಮರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಹಡಗಿನಲ್ಲಿ ಬಂದ ರೆಕಾರ್ಡುಗಳನ್ನು ಕೇಳಿದ ಹುಡುಗರಿಗೆ ಅದರಲ್ಲಿ ತಮ್ಮದೇ ದನಿ ಕೇಳಿಸಿತು. ಅದಾಗಲೇ ಕಳ್ಳ ಹೆಂಡದ ಅಡ್ಡೆಗಳಲ್ಲಿ ‘ಮರಾಬಿ’ ಎಂಬ ಕುಣಿತದ ಸಂಗೀತ ಬೆಳೆದಿತ್ತು. ಚರ್ಚಿನ ಹಾಡು, ಹಳ್ಳಿಯ ಹಾಡು, ಮರಾಬಿ, ಜಾಝ್ ಎಲ್ಲ ಬೆರೆತು ಹೊಸದೊಂದು ಹುಟ್ಟಿತು. 1962ರಲ್ಲಿ ಜೋಹಾನ್ಸ್‌ಬರ್ಗಿನ ಜಾಝ್ ಉತ್ಸವದಲ್ಲಿ ಮೊಹೊಲೊ ಡ್ರಮ್ ವಾದನಕ್ಕೆ ಬಹುಮಾನ ಗೆದ್ದ. ಆಮೇಲೆ ಪಿಯಾನೋ ವಾದಕ ಕ್ರಿಸ್ ಮೆಕ್‌ಗ್ರೆಗರ್ ಕಟ್ಟುತ್ತಿದ್ದ ತಂಡಕ್ಕೆ ಸೇರಿದ. ಡುಡು ಪುಕ್ವಾನ ಮತ್ತು ನಿಕೆಲೆ ಮೊಯಾಕೆ ಸ್ಯಾಕ್ಸೊಫೋನ್, ಮೊಂಗೆಜಿ ಫೆಜಾ ಟ್ರಂಪೆಟ್, ಜಾನಿ ಡ್ಯಾನಿ ಬೇಸ್. ಐದು ಜನ ಕರಿಯರು. ಮೆಕ್‌ಗ್ರೆಗರ್ ಬಿಳಿಯ, ಮಿಷನ್ ಶಾಲೆಯ ಮೇಷ್ಟ್ರ ಮಗ.

ಇವರು ಕ್ರಾಂತಿಗೀತೆ ಹಾಡಲಿಲ್ಲ, ಘೋಷಣೆ ಕೂಗಲಿಲ್ಲ. ಆರು ಜನ ಒಂದೇ ವೇದಿಕೆ ಹತ್ತಿ ನುಡಿಸಿದರು, ಅಷ್ಟೇ. ಆ ದೇಶದಲ್ಲಿ ಅಷ್ಟೇ ಸಾಕಾಗಿತ್ತು. ಒಟ್ಟಿಗೆ ಪ್ರಯಾಣ ಮಾಡುವುದು, ಒಟ್ಟಿಗೆ ಉಳಿದುಕೊಳ್ಳುವುದು, ಬೆರೆತು ಕೂತ ಜನರೆದುರು ನುಡಿಸುವುದು ಎಲ್ಲವೂ ಪೊಲೀಸರ ಕಣ್ಣಿನ ಕೆಳಗೆ ನಡೆಯಬೇಕಿತ್ತು. ಅದೇ ಕಾಲದ ಇನ್ನೊಬ್ಬ ಕಲಾವಿದ ವಿನ್‌ಸ್ಟನ್ ಮಂಕುಂಕುವಿನ ಕಥೆ ಕೇಳಿ. ಕೇಪ್‌ಟೌನಿನ ಸಿಟಿ ಹಾಲ್‌ನಲ್ಲಿ ಆತ ಪರದೆಯ ಹಿಂದೆ ನಿಂತು ಸ್ಯಾಕ್ಸೊಫೋನ್ ಊದಬೇಕಾಯಿತು. ಮುಂದೆ ಒಬ್ಬ ಬಿಳಿಯ ತಾನೇ ಊದುವಂತೆ ನಟಿಸಿದ. ಉಸಿರು ಕರಿಯನದು, ಚಪ್ಪಾಳೆ ಬಿಳಿಯನದು! ಹಬ್ಬಕ್ಕೂ ಸಾವಿಗೂ ತಮಟೆಯವರನ್ನು ಕರೆಸಿ ಬಾಗಿಲ ಹೊರಗೇ ನಿಲ್ಲಿಸುವ ಊರುಗಳಲ್ಲಿ ಬೆಳೆದ ನಮಗೆ ಈ ಪರದೆ ಗುರುತು ಸಿಗುತ್ತದೆ.

1964ರಲ್ಲಿ ಫ್ರಾನ್ಸಿನ ಆಂಟಿಬ್ ಜಾಝ್ ಉತ್ಸವಕ್ಕೆ ಕರೆ ಬಂತು. ಊರೂರು ತಿರುಗಿ ಕಛೇರಿ ಮಾಡಿ ಹೊರಟರು. ಹೊರಡುವ ಮುನ್ನ ಡರ್ಬನ್‌ನಲ್ಲಿ ನುಡಿಸಿದ್ದರ ಧ್ವನಿಮುದ್ರಣ ಹೊರಬಂದದ್ದು 1995ರಲ್ಲಿ, ಮೂವತ್ತು ವರ್ಷ ದಾಟಿದ ಮೇಲೆ! ಉತ್ಸವ ಮುಗಿದ ಮೇಲೆ ಅವರು ತಿರುಗಿ ಹೋಗಲಿಲ್ಲ. ಜೂರಿಕ್‌ನಲ್ಲಿ ಕೆಲಕಾಲ, 1965ರಿಂದ ಲಂಡನ್. ಮೊಯಾಕೆ ಮಾತ್ರ ಊರಿನ ಹಂಬಲ ತಾಳಲಾರದೆ ಮರಳಿದ, ಬೇಗನೆ ಸತ್ತ. 1966ರಲ್ಲಿ ಮೊಹೊಲೊ ಮತ್ತು ಡ್ಯಾನಿ ಸ್ಟೀವ್ ಲೇಸಿ ಎಂಬ ಅಮೆರಿಕನ್ ಕಲಾವಿದನ ಜೊತೆ ಅರ್ಜೆಂಟೀನಾಕ್ಕೆ ಹೋಗಿ, ವಾಪಸು ಬರಲು ಕಾಸಿಲ್ಲದೆ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಬಿದ್ದರು. ಪರದೇಶದ ಬಾಳೆಂದರೆ ಇದು.

ಆದರೂ ಇವರು ಬರಿಗೈಯಲ್ಲಿ ಹೋಗಿರಲಿಲ್ಲ. ಬ್ರಿಟನ್ನಿನ ಎಳೆಯ ಜಾಝ್ ವಾದಕರು ಇವರನ್ನು ಕೇಳಿ ತಮ್ಮ ನುಡಿಸುವ ರೀತಿಯನ್ನೇ ಬದಲಿಸಿಕೊಂಡರು. 1970ರ ಹೊತ್ತಿಗೆ ಬ್ರಿಟಿಷರನ್ನೂ ಸೇರಿಸಿಕೊಂಡು ‘ಬ್ರದರ್‌ಹುಡ್ ಆಫ್ ಬ್ರೆತ್’ ಎಂಬ ದೊಡ್ಡ ತಂಡವಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. 1968ರಲ್ಲಿ ಬಂದ ಇವರ ರೆಕಾರ್ಡಿನ ಮೇಲೆ ಇದ್ದದ್ದು ‘ಕ್ರಿಸ್ ಮೆಕ್‌ಗ್ರೆಗರ್ ಗ್ರೂಪ್’ ಎಂಬ ಹೆಸರು. ಮೆಕ್‌ಗ್ರೆಗರ್ ದೊಡ್ಡ ಮನುಷ್ಯ. ಬಿಳಿಯನಾಗಿ ಸುಖವಾಗಿ ಇರಬಹುದಾಗಿದ್ದವನು ಸಂಗಡಿಗರಿಗಾಗಿ ದೇಶ ಬಿಟ್ಟವನು. ಆದರೂ ಮಾರುಕಟ್ಟೆಗೆ ಮೊದಲು ಕಂಡದ್ದು ಬಿಳಿಯನ ಹೆಸರು. ವರ್ಣಭೇದ ಕಾನೂನಿನ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ.

1975ರ ಡಿಸೆಂಬರ್‌ನಲ್ಲಿ ಫೆಜಾ ಲಂಡನ್ನಿನ ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ, ನ್ಯುಮೋನಿಯಾಕ್ಕೆ ಚಿಕಿತ್ಸೆ ಸಿಗದೆ ಸತ್ತ. ಇನ್ನೂ ಮೂವತ್ತು ವರ್ಷ. ಉಳಿದ ನಾಲ್ವರು ಶೋಕಸಭೆ ಮುಗಿಸಿ ಒಂದು ಕೋಣೆಯಲ್ಲಿ ಸೇರಿದರು. ಏನು ನುಡಿಸಬೇಕೆಂದು ಮಾತಾಡಿಕೊಳ್ಳದೆ ಗಂಟೆಗಟ್ಟಲೆ ನುಡಿಸಿದರು. ಊರಿನಲ್ಲಿದ್ದರೆ ಸತ್ತವನಿಗೆ ಇಡೀ ಕೇರಿ ಅಳುತ್ತಿತ್ತು. ಪರದೇಶದಲ್ಲಿ ಅಳಲು ಇದ್ದದ್ದು ಈ ನಾಲ್ವರು ಮತ್ತು ಅವರ ವಾದ್ಯಗಳು. ‘ಬ್ಲೂ ನೋಟ್ಸ್ ಫಾರ್ ಮೊಂಗೆಜಿ’ ಎಂಬ ರೆಕಾರ್ಡು ಹುಟ್ಟಿದ್ದು ಹೀಗೆ.

1986ರಲ್ಲಿ ಡ್ಯಾನಿ ಪಶ್ಚಿಮ ಬರ್ಲಿನ್‌ನಲ್ಲಿ ತೀರಿಕೊಂಡ. ಮರುವರ್ಷ ಉಳಿದ ಮೂವರು ಅವನಿಗಾಗಿ ನುಡಿಸಿದರು. 1990ರ ಫೆಬ್ರವರಿ 11ರಂದು ಮಂಡೇಲಾ ಬಿಡುಗಡೆಯಾದರು. ಊರಿನ ಬಾಗಿಲು ತೆರೆಯುವ ಹೊತ್ತು. ಅದೇ ಮೇ ತಿಂಗಳಲ್ಲಿ ಮೆಕ್‌ಗ್ರೆಗರ್ ಫ್ರಾನ್ಸಿನಲ್ಲಿ, ಜೂನ್‌ನಲ್ಲಿ ಪುಕ್ವಾನ ಲಂಡನ್ನಿನಲ್ಲಿ ಸತ್ತರು. 1994ರಲ್ಲಿ ಎಲ್ಲ ಬಣ್ಣದವರೂ ಸಮಾನವಾಗಿ ಮೊದಲ ಸಲ ಮತ ಹಾಕಿದಾಗ ಆರು ಜನರಲ್ಲಿ ಬದುಕಿದ್ದವನು ಮೊಹೊಲೊ ಒಬ್ಬನೇ. 2005ರಲ್ಲಿ, ಹೊರಟು 41 ವರ್ಷವಾದ ಮೇಲೆ, ಆತ ಕೇಪ್‌ಟೌನಿಗೆ ಮರಳಿ ನೆಲೆಸಿದ. ಮರಳಿದ ಮೇಲೂ ಡ್ರಮ್ ಬಿಡಲಿಲ್ಲ.

ದಕ್ಷಿಣ ಆಫ್ರಿಕ ಅಂದರೆ ನಮ್ಮ ಶಾಲೆಗಳಲ್ಲಿ ಗಾಂಧೀಜಿಯನ್ನು ರೈಲಿನಿಂದ ತಳ್ಳಿದ ಕಥೆ, ಆಮೇಲೆ ನೇರವಾಗಿ ಮಂಡೇಲಾ. ನಡುವೆ ಸತ್ತವರು, ದೇಶ ಬಿಟ್ಟವರು, ಪರದೆಯ ಹಿಂದೆ ಊದಿದವರು ಪಾಠದಲ್ಲಿಲ್ಲ. ಮೇಷ್ಟ್ರುಗಳೇ, ಮುಂದಿನ ಸಲ ಆ ಪಾಠ ಬಂದಾಗ ಈ ಆರು ಹೆಸರುಗಳನ್ನೂ ಹಲಗೆಯ ಮೇಲೆ ಬರೆಯಿರಿ. ಒಟ್ಟಿಗೆ ನುಡಿಸಿದ್ದು ಯಾಕೆ ತಪ್ಪಾಯಿತು ಅಂತ ಮಕ್ಕಳು ಕೇಳುತ್ತಾರೆ. ಕೇಳಲಿ. ಉತ್ತರ ಹೇಳುವಾಗ ನಮ್ಮ ಊರಿನ ಮಾತೂ ಬಂದೇ ಬರುತ್ತದೆ.