ಎಡೆದೊರೆ ನಾಡಿನ ಎರಡು ನೀರು

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಮನೆಗಳಲ್ಲಿ ನೀರು ಹಿಂದಿನಿಂದಲೂ ಎರಡು ಬಗೆ: ಕುಡಿಯಲು ಮತ್ತು ಅಡುಗೆಗೆ ಸಿಹಿನೀರು, ಸ್ನಾನಕ್ಕೆ, ಬಟ್ಟೆಗೆ, ಮುಸುರೆ ತಿಕ್ಕಲು ಸವಳು ನೀರು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಾದರೂ ಬಹುಪಾಲು ಊರುಗಳಿಗೆ ಹೊಳೆ ದೂರ, ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ. ಬಾವಿ, ಹಳ್ಳ, ಕೆರೆಗಳೇ ಆಸರೆಯಾಗಿದ್ದವು. ಬಾವಿಯ ನೀರಿನ ಪರೀಕ್ಷೆ ನಡೆಯುತ್ತಿದ್ದುದು ಒಲೆಯ ಮೇಲೆ: ತೊಗರಿ ಬೇಳೆ ಬೆಂದು ಕರಗಿದರೆ ಸಿಹಿ, ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿದರೆ ಸವಳು.

ಈ ಭೇದಕ್ಕೆ ಕಾರಣ ನೆಲದಡಿಯಲ್ಲಿದೆ. ಹಟ್ಟಿಯಲ್ಲಿ ಚಿನ್ನ ಕೊಟ್ಟ, ಮಸ್ಕಿಯಲ್ಲಿ ಅಶೋಕನ ಶಾಸನ ಹೊತ್ತ ಈ ಕಲ್ಲುನೆಲದ ಬಿರುಕುಗಳಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡುಸಾಗುತ್ತದೆ. ಹಲವೆಡೆ ಫ್ಲೋರೈಡೂ ಸೇರುತ್ತದೆ. ಇಂಥ ನೀರಿನಲ್ಲಿ ಸಾಬೂನು ನೊರೆ ಬಿಡದು, ಪಾತ್ರೆಯ ಮೇಲೆ ಬಿಳಿ ಕಲೆ ಕೂರುತ್ತದೆ.

ಮುಸುರೆ ತಿಕ್ಕುವ ಪದ್ಧತಿ ಈ ನೀರಿಗೆ ತಕ್ಕಂತೆಯೇ ಇತ್ತು. ಬಚ್ಚಲ ಮೂಲೆಯಲ್ಲಿ ಒಲೆಯ ಬೂದಿ, ತೆಂಗಿನ ನಾರು, ಹಿಂಡಿದ ಹುಣಸೆಹಣ್ಣು ಇರುತ್ತಿದ್ದವು. ಬೂದಿಯ ಕ್ಷಾರ ಜಿಡ್ಡು ಬಿಡಿಸುವುದರ ಜೊತೆಗೆ ನೀರಿನ ಗಡಸುತನವನ್ನೂ ಒಂದಷ್ಟು ಇಳಿಸುತ್ತಿತ್ತು. ಹುಣಸೆಯ ಹುಳಿ ತಾಮ್ರ, ಹಿತ್ತಾಳೆಯ ಕಿಲುಬನ್ನೂ ಸುಣ್ಣದ ಕಲೆಯನ್ನೂ ತೆಗೆಯುತ್ತಿತ್ತು.

ಮೂರನೆಯ ನೀರು ಬಂದದ್ದು ಕಾಲುವೆಯಿಂದ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ 1945ರಲ್ಲಿ ಕೈಗೊಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. 200 ಕಿ.ಮೀ. ಮೀರಿದ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ಕೃಷ್ಣೆಯ ಕಡೆಯಲ್ಲಿ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿದು, ಅದರ ಬಲದಂಡೆ ಕಾಲುವೆ ಲಿಂಗಸುಗೂರು ಸೀಮೆಗೆ ಬಂತು. ಆದರೆ ಬೇಸಿಗೆಯಲ್ಲಿ ಕಾಲುವೆ ನಿಲ್ಲುತ್ತದೆ. ಆದ್ದರಿಂದ ನೀರಿರುವಾಗಲೇ ಕೆರೆ ತುಂಬಿಸಿಕೊಂಡು, ಶುದ್ಧೀಕರಿಸಿ, ನಳಕ್ಕೆ ಬಿಡುವ ವ್ಯವಸ್ಥೆ ಬೆಳೆಯಿತು. ತುರ್ವಿಹಾಳದ ಕೆರೆ ಸಿಂಧನೂರು ಪಟ್ಟಣಕ್ಕೆ ಹೀಗೆಯೇ ಆಸರೆ. ನಳ ಬಾರದ ದಿನಕ್ಕೆ ಬೋರ್‌ವೆಲ್ ಇದ್ದೇ ಇತ್ತು. ಹೀಗೆ ಹಳೆಯ ಎರಡು ಬಾವಿಗಳ ಜಾಗದಲ್ಲಿ ಎರಡು ಪೈಪುಗಳು ಬಂದವು: ನೆಲದಡಿಯ ಸಂಪ್‌ಗೆ ನಳದ ನೀರು, ಮಾಳಿಗೆಯ ಟ್ಯಾಂಕಿಗೆ ಬೋರ್ ನೀರು. ಕುಡಿಯಲು ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನು ಬೇರೆ.

ಮುಸುರೆ ತಿಕ್ಕುವ ಕೆಲಸಕ್ಕೆ ಈಗ ಯಂತ್ರವೂ ಇದೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಅಮೆರಿಕದ ಜೋಸೆಫೀನ್ ಕೊಕ್ರೇನ್ 1886ರಲ್ಲಿ ಪೇಟೆಂಟ್ ಪಡೆದರು. 1893ರ ಷಿಕಾಗೋ ಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಭಾರತದ ನಗರಗಳಲ್ಲಿ ಡಿಶ್‌ವಾಷರ್‌ಗೆ ಬೇಡಿಕೆ ಏರಿದ್ದು 2020ರ ಲಾಕ್‌ಡೌನ್‌ನಲ್ಲಿ. ಯಂತ್ರಕ್ಕೆ ಪೈಪು ಒಂದೇ. ಹಾಗಾಗಿ ಯಾವ ನೀರು ಕೊಡಬೇಕೆಂಬ ಹಳೆಯ ಪ್ರಶ್ನೆ ಅಡುಗೆಮನೆಗೆ ಮರಳುತ್ತದೆ.

ಕಾಲುವೆ ಮೂಲದ ನಳದ ನೀರು ತುಂಬಿದ ಬೇರೆ ಟ್ಯಾಂಕಿನಿಂದ, ಫಿಲ್ಟರ್ ಮತ್ತು ಪ್ರತ್ಯೇಕ ವಾಲ್ವ್ ಮೂಲಕ ತಣ್ಣೀರು ಕೊಡುವುದು ಉತ್ತಮ. ಒಂದು ಸುತ್ತಿಗೆ ಸುಮಾರು 10 ಲೀಟರ್ ಬೇಕು. ಮನೆಯ ಆರ್‌ಒ ಯಂತ್ರದ ಸಣ್ಣ ಧಾರೆ ಇದಕ್ಕೆ ಸಾಲದು. ಹಲವು ಯಂತ್ರಗಳಿಗೆ ಕನಿಷ್ಠ 0.3 ಬಾರ್ ಒತ್ತಡ ಬೇಕು, ಅಂದರೆ ಟ್ಯಾಂಕಿನ ನೀರು ಯಂತ್ರಕ್ಕಿಂತ ಸುಮಾರು 3 ಮೀಟರ್ ಎತ್ತರದಲ್ಲಿರಬೇಕು. ಬೋರ್ ನೀರು ಅನಿವಾರ್ಯವಾದರೆ ಯಂತ್ರದೊಳಗಿನ ಮೆದುಕಾರಕ ಕೆಲಸಕ್ಕೆ ಬರುತ್ತದೆ. ಅದರ ರಾಳದ ಹರಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಡಿಶ್‌ವಾಷರ್ ಉಪ್ಪು ಆ ಹರಳುಗಳನ್ನು ಮತ್ತೆ ಸಜ್ಜುಗೊಳಿಸುತ್ತದೆ. ಅಯೋಡಿನ್ ಬೆರೆತ ಅಡುಗೆ ಉಪ್ಪು ಇದಕ್ಕೆ ಸಲ್ಲದು. ಬೂದಿ ಮಾಡುತ್ತಿದ್ದ ಕೆಲಸವನ್ನು ಡಿಶ್‌ವಾಷರ್ ಪುಡಿಯಲ್ಲಿರುವ ಸೋಡಾ, ಹುಣಸೆಯ ಕೆಲಸವನ್ನು ಕೊನೆಯ ಜಾಲಿಕೆಯ ದ್ರಾವಣದಲ್ಲಿರುವ ಸಿಟ್ರಿಕ್ ಆಮ್ಲ ಮಾಡುತ್ತವೆ.

ಮೆದುಕಾರಕದ ಮಟ್ಟವನ್ನು ನೀರಿನ ಗಡಸುತನಕ್ಕೆ ತಕ್ಕಂತೆ ಹೊಂದಿಸಬೇಕು, ಆದರೆ ಗಡಸುತನದ ಅಳತೆ ಒಮ್ಮೆ ನೋಡಿದರೆ ಸಾಲದು. ಬೇಸಿಗೆಯಲ್ಲಿ ಕಾಲುವೆ ನಿಂತು ನಳದ ಟ್ಯಾಂಕಿಗೂ ಬೋರ್ ನೀರು ಏರಿದಾಗ ಆ ಮಟ್ಟವನ್ನು ಏರಿಸಬೇಕು. ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟು ನಳ ಸರಿಹೋದ ಮೇಲೆ ಇಳಿಸಬೇಕು.