ಕಲ್ಲು, ಕಾಗದ, ಹಾರ್ಡ್‌ಡಿಸ್ಕ್: ರೈಸ್ ಅವರ ಬ್ಯಾಕಪ್ ಪಾಠ

ಇವತ್ತಿನ ಸಂಚಿಕೆ ನನ್ನದೇ ಒಂದು ತಪ್ಪಿನಿಂದ ಶುರು. ಮೂರು ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಬೈಕಲ್ಲಿ ಸುತ್ತಿ ತೆಗೆದ ಶಾಸನ, ವೀರಗಲ್ಲುಗಳ ಫೋಟೊ, ಹಿರಿಯರ ಮಾತಿನ ರೆಕಾರ್ಡಿಂಗ್, ಎಲ್ಲವನ್ನೂ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟಿದ್ದೆ. ಹೋದ ಮಳೆಗಾಲದಲ್ಲಿ ಅದು ಟಕ್ ಟಕ್ ಅಂತ ಸದ್ದು ಮಾಡಿ ನಿಂತೇಹೋಯ್ತು. ಕಲ್ಲಿನ ಫೋಟೊ ಮತ್ತೆ ತೆಗೀಬಹುದು. ಆದ್ರೆ ಜಗಳೂರು ಕಡೆಯ ಒಬ್ಬ ಅಜ್ಜ ಈಗಿಲ್ಲ. ಅವರ ದನಿ ಇದ್ದದ್ದು ಅದೊಂದರಲ್ಲೇ.

ಬಿ.ಕಾಂ. ಓದಿದವನು ನಾನು. ಲೆಕ್ಕಕ್ಕೆ ಒಂದೇ ಪ್ರತಿ ಇರಬಾರದು ಅಂತ ಗೊತ್ತಿತ್ತು. ಮಾಡಿರಲಿಲ್ಲ, ಅಷ್ಟೇ.

ಹಾಗಾದ್ರೆ ನೂರಿಪ್ಪತ್ತು ವರ್ಷದ ಹಿಂದೆ ಇದೇ ಊರುಗಳ ಮಾಹಿತಿ ಕೂಡಿಟ್ಟವರು ಏನು ಮಾಡಿದ್ರು? ಬೆಂಗಳೂರಲ್ಲೇ ಹುಟ್ಟಿದ ಬಿ.ಎಲ್. ರೈಸ್, ಇಲ್ಲಿನ ಪಂಡಿತರ ನೆರವಿನಿಂದ ಹಳೇ ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಚನ್ನಗಿರಿ, ಹೊನ್ನಾಳಿ ಶಾಸನಗಳು 1902ರ 7ನೇ ಸಂಪುಟದಲ್ಲಿವೆ. ಜಗಳೂರಿನವು 1903ರ 11ನೇ ಸಂಪುಟದಲ್ಲಿ.

ಇದರಲ್ಲಿ ನೋಡಬೇಕಾದ್ದು ಏನಂದ್ರೆ, ಒಂದೇ ಶಾಸನವನ್ನು ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಹೀಗೆ ಮೂರು ರೂಪದಲ್ಲಿ ಕೊಟ್ಟಿದ್ದಾರೆ. ಒಂದರಲ್ಲಿ ಅನುಮಾನ ಬಂದ್ರೆ ಇನ್ನೊಂದರ ಜೊತೆ ತಾಳೆ ನೋಡಬಹುದು. ಪುಸ್ತಕಗಳು ಹತ್ತಾರು ಗ್ರಂಥಾಲಯಗಳಿಗೆ ಹೋದವು. ಒಂದು ಕಡೆ ಗೆದ್ದಲು ಹತ್ತಿದ್ರೂ ಇನ್ನೊಂದು ಕಡೆ ಉಳಿಯುತ್ತೆ.

ಕಲ್ಲೇ ಶಾಶ್ವತ ಅನ್ನೋ ನಂಬಿಕೆ ಸುಳ್ಳು. ಬೆಂಗಳೂರಲ್ಲಿ ರಸ್ತೆ, ಬಡಾವಣೆಗಳ ಅಡಿಗೆ ಎಷ್ಟೋ ಶಾಸನ ಕಾಣೆಯಾಗಿವೆ. ಅಂಥವುಗಳ ಪಾಠ ಉಳಿದದ್ದು ರೈಸ್ ಅವರ 1905ರ ಸಂಪುಟದಿಂದ. ಉಳಿದ ಕಲ್ಲುಗಳನ್ನು ಮಿಥಿಕ್ ಸೊಸೈಟಿಯವರು ಈಗ 3ಡಿ ಸ್ಕ್ಯಾನ್ ಮಾಡ್ತಿದ್ದಾರೆ. ಆದ್ರೆ ಆ ಸ್ಕ್ಯಾನ್ ಫೈಲನ್ನೂ ಎಲ್ಲೋ ಒಂದು ಕಡೆ ಇಡಲೇಬೇಕಲ್ಲ? ಪ್ರಶ್ನೆ ಮತ್ತೆ ಅಲ್ಲಿಗೇ ಬಂತು.

ಹಾರ್ಡ್‌ಡಿಸ್ಕ್ ಅಗ್ಗ, ಆದ್ರೆ ಐದು ವರ್ಷದ ಮೇಲೆ ನೆಚ್ಚಬಾರದು. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ವರ್ಷಗಟ್ಟಲೆ ಬೀರುವಿನಲ್ಲಿಟ್ರೆ ಮಾಹಿತಿ ಅಳಿಸಿಹೋಗಬಹುದು. ಸಿ.ಡಿ. ಚೆನ್ನಾಗಿದ್ರೂ ಈಗಿನ ಲ್ಯಾಪ್‌ಟಾಪಿಗೆ ಅದನ್ನು ತೂರಿಸೋ ಜಾಗವೇ ಇಲ್ಲ. ದೊಡ್ಡ ಸಂಶೋಧನಾ ಸಂಸ್ಥೆಗಳು ನೆಚ್ಚಿಕೊಂಡಿರೋದು ಎಲ್‌ಟಿಒ ಅನ್ನೋ ಮ್ಯಾಗ್ನೆಟಿಕ್ ಟೇಪನ್ನು. ಸರಿಯಾಗಿಟ್ಟರೆ ಸುಮಾರು 30 ವರ್ಷ ಬಾಳುತ್ತೆ ಅಂತಾರೆ ತಯಾರಕರು, ಆದ್ರೆ ಅದನ್ನು ಓದೋ ಡ್ರೈವ್‌ನ ಬೆಲೆ ಲಕ್ಷಗಳಲ್ಲಿ.

ಹಾಗಾಗಿ ನಮ್ಮಂಥವರಿಗೆ 3-2-1 ಸೂತ್ರವೇ ಗತಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಇಟ್ಟು ಮರೆಯೋದೂ ತಪ್ಪು. ಅಡಿಕೆ ಮೂಟೆ ಕಟ್ಟಿ ಮೂಲೆಗೆ ಹಾಕಿದ್ರೆ ಹುಳ ಬೀಳುತ್ತೆ ಅಂತ ಚನ್ನಗಿರಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಫೈಲುಗಳಿಗೂ ಆಗಾಗ ಬಿಸಿಲು ಬೇಕು. ಚೆಕ್‌ಸಮ್ ಅಂತ ಒಂದಿದೆ. ಫೈಲಿನಲ್ಲಿ ಒಂದಕ್ಷರ ಕೆಟ್ಟರೂ ಅದರ ಮೊತ್ತ ತಾಳೆಯಾಗಲ್ಲ. ನಮ್ಮ ಕಾಮರ್ಸ್ ಭಾಷೆಯಲ್ಲಿ ಆಡಿಟ್.

ಕೊನೆಯದಾಗಿ, ಹೆಸರು. ರೈಸ್ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿವೆ, ಜಗಳೂರು ಚಿತ್ರದುರ್ಗದಲ್ಲಿ. 1997ರಲ್ಲಿ ಮೂರೂ ದಾವಣಗೆರೆ ಜಿಲ್ಲೆಗೆ ಬಂದವು. ನ್ಯಾಮತಿ ತಾಲ್ಲೂಕಾಗಿದ್ದು ತೀರಾ ಈಚೆಗೆ. ಅಲ್ಲಿನ ಶಾಸನ ಬೇಕಂದ್ರೆ ಹೊನ್ನಾಳಿ ಅಂತ ಹುಡುಕಬೇಕು. ಫೈಲು ಉಳಿದೂ ಹೆಸರು ತಪ್ಪಿದ್ರೆ ಅದು ಕಳೆದುಹೋದ ಹಾಗೇ. ಅದಕ್ಕೇ ಈಗ ಪ್ರತಿ ಫೋಟೊಗೂ ಊರು, ತಾಲ್ಲೂಕು, ತಾರೀಕು, ಅಕ್ಷಾಂಶ-ರೇಖಾಂಶ ಬರೆದಿಡ್ತೀನಿ.

ಈಗ ನನ್ನ ಹತ್ರ ಎರಡು ಡಿಸ್ಕ್ ಇವೆ, ಒಂದು ಹೊನ್ನಾಳಿಯ ಗೆಳೆಯನ ಮನೇಲಿ. ಮೂರನೇ ಪ್ರತಿ ಕ್ಲೌಡ್‌ನಲ್ಲಿ. ಪಟ್ಟಿಯನ್ನು ಮಾತ್ರ ಕಾಗದದಲ್ಲೂ ಅಚ್ಚು ಹಾಕಿದ್ದೀನಿ. ದೀಪಾವಳಿಗೆ ಅಂಗಡಿಯವರು ಲೆಕ್ಕದ ಪುಸ್ತಕ ಪೂಜೆ ಮಾಡೋ ದಿನವೇ ನನ್ನ ಆಡಿಟ್.

ಆ ಅಜ್ಜನ ದನಿ ಮಾತ್ರ ಇದ್ಯಾವುದರಲ್ಲೂ ಇಲ್ಲ. ನಿಮ್ಮ ಮನೆ ಹಿರಿಯರ ಮಾತು ಫೋನಲ್ಲಿದ್ರೆ, ಈ ಸಂಚಿಕೆ ಮುಗಿದ ತಕ್ಷಣ ಇನ್ನೊಂದು ಕಡೆ ಕಾಪಿ ಮಾಡಿಡಿ. ಮುಂದಿನ ವಾರ ಸಿಗೋಣ.