ಚಾ ಗೀ, ಕೂಲಿನಾಲಿ, ಖರ್ಚುವೆಚ್ಚ

ರಾಯಚೂರು ಸೀಮೆಯ ಸಿರವಾರದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕು ‘ಬರ್ರಿ, ಚಾ ಕುಡಿಯೋಣು’ ಅಂದರೆ ಒಂದು ಲೆಕ್ಕ, ‘ಚಾ ಗೀ ಕುಡಿಯೋಣು’ ಅಂದರೆ ಇನ್ನೊಂದು ಲೆಕ್ಕ. ಮೊದಲನೆಯದರಲ್ಲಿ ಕಪ್ಪು ಖಾಲಿಯಾದ ಮೇಲೆ ಏಳಬೇಕು. ಎರಡನೆಯದರಲ್ಲಿ ಮಂಡಾಳ ಒಗ್ಗರಣಿ ಬರಬಹುದು, ಜೊತೆಗೆ ಬಿಸಿ ಮಿರ್ಚಿ ಬರಬಹುದು, ಮಾತಂತೂ ಬಂದೇ ಬರುತ್ತದೆ. ಕರೆದವರಿಗೆ ಪುರುಸೊತ್ತಿದೆ ಅನ್ನುವುದನ್ನು ‘ಗೀ’ ಎಂಬ ಒಂದಕ್ಷರ ತಿಳಿಸಿಬಿಡುತ್ತದೆ.

ಇದರ ಕಟ್ಟಳೆಯನ್ನು ಯಾವ ಮಗುವಿಗೂ ಯಾರೂ ಕಲಿಸುವುದಿಲ್ಲ. ಪದದ ಮೊದಲ ಅಕ್ಷರ ತೆಗೆದು ಅಲ್ಲಿ ‘ಗಿ’ ಇಡುವುದು, ದೀರ್ಘವಿದ್ದರೆ ‘ಗೀ’. ರೊಟ್ಟಿ ಗಿಟ್ಟಿ, ರೊಕ್ಕ ಗಿಕ್ಕ, ಊಟ ಗೀಟ. ‘ಗಿ’ಯಿಂದಲೇ ಶುರುವಾಗುವ ಗಿಡಕ್ಕೆ ಈ ಉಪಾಯ ನಡೆಯದು, ಅದಕ್ಕೆ ಗಂಟಿಯನ್ನು ಜೋಡಿಸಿ ಗಿಡಗಂಟಿ ಅಂದರು. ಅದೇ ಬೀದಿಯಲ್ಲಿ ತೆಲುಗು ಮಾತಾಡುವವರೂ ‘ಪುಲಿ ಗಿಲಿ’ ಅಂತ ಇದೇ ‘ಗಿ’ ಬಳಸುತ್ತಾರೆ, ಉರ್ದುವಿನವರು ‘ಚಾಯ್ ವಾಯ್’ ಅನ್ನುತ್ತಾರೆ. ಬೇರೆ ಬೇರೆ ಕುಲದ ಭಾರತೀಯ ಭಾಷೆಗಳು ಒಂದರ ನೆರೆಯಲ್ಲಿ ಇನ್ನೊಂದು ಬಾಳಿ ಒಂದೇ ಚಾಳಿ ಕಲಿತಿವೆ ಎಂದು ಭಾಷಾವಿಜ್ಞಾನಿ ಎಮೆನೊ 1956ರಲ್ಲಿ ಬರೆದಾಗ, ಎತ್ತಿ ತೋರಿಸಿದ ಲಕ್ಷಣಗಳಲ್ಲಿ ಈ ಪ್ರತಿಧ್ವನಿ ಪದಗಳೂ ಇದ್ದವು. ಮೂರು ಭಾಷೆ ಕಿವಿಗೆ ಬೀಳುವ ರಾಯಚೂರು ಸೀಮೆಯವರಿಗೆ ಅದು ನಿತ್ಯದ ಅನುಭವ.

ಇನ್ನು ಕೆಲವು ಜೋಡಿಗಳಿವೆ. ಅವುಗಳ ಎರಡನೆಯ ಪಾಲು ಒಂಟಿಯಾಗಿ ಎಲ್ಲೂ ಓಡಾಡುವುದಿಲ್ಲ. ಆಸ್ತಿಪಾಸ್ತಿಯ ಪಾಸ್ತಿ, ಕೂಲಿನಾಲಿಯ ನಾಲಿ. ಅರ್ಥವಿಲ್ಲದ ಬಾಲ ಎಂದು ಇವನ್ನು ಕತ್ತರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಲಿ ಅಂದರೆ ಒಂದು ದಿನದ ದುಡಿಮೆ, ಅದಕ್ಕೊಂದು ದರ. ‘ಕೂಲಿನಾಲಿ ಮಾಡಿ ಮಕ್ಕಳನ್ನ ಓದಿಸೀವಿ’ ಎಂದು ತಾಯಿಯೊಬ್ಬಳು ಹೇಳುವಾಗ ಅದರಲ್ಲಿ ಹತ್ತಿ ಬಿಡಿಸಿದ್ದು, ಭತ್ತ ನಾಟಿ ಮಾಡಿದ್ದು, ಕಳೆ ಕಿತ್ತದ್ದು, ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊತ್ತದ್ದು ಎಲ್ಲ ಸೇರಿರುತ್ತದೆ. ಇಷ್ಟು ವರ್ಷದ ಬಾಳನ್ನು ‘ಕೂಲಿ’ ಒಂದೇ ಹೊರಲಾರದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ‘ಸಾಲಸೋಲ ಮಾಡಿ ಬಿತ್ತೀವಿ’ ಅನ್ನುವಾಗಲೂ ಹಾಗೆಯೇ. ನೀರು ತಲುಪದ ವರ್ಷ ಆ ‘ಸೋಲ’ದಲ್ಲಿ ಸೋಲು ಎಂಬ ಪದವೇ ಕಿವಿಗೆ ಬಡಿಯುತ್ತದೆ.

ನನಗೆ ಬಹಳ ಪ್ರೀತಿಯಿರುವುದು ಎರಡು ಭಾಷೆಯವರು ಹೆಗಲು ಕೊಟ್ಟು ಹೊತ್ತ ಜೋಡಿಗಳ ಮೇಲೆ. ಖರ್ಚು ಪಾರ್ಸಿಯ ದಾರಿಯಲ್ಲಿ ಬಂದದ್ದು, ವೆಚ್ಚ ಸಂಸ್ಕೃತದ ವ್ಯಯದ ತದ್ಭವ. ಎರಡೂ ಸೇರಿ ಖರ್ಚುವೆಚ್ಚ. ಕಾಗದಪತ್ರ, ಲಾಭಲುಕ್ಸಾನು, ರೀತಿರಿವಾಜು, ಧನದೌಲತ್ತು ಇವೂ ಅದೇ ಬಗೆ. ಕೋರ್ಟುಕಚೇರಿಯಲ್ಲಿ ಇಂಗ್ಲಿಷಿಗೆ ಹಿಂದುಸ್ತಾನಿ ಜೊತೆಯಾಗಿದೆ. ಇವು ಕರ್ನಾಟಕದ ತುಂಬ ಇವೆ ನಿಜ, ಆದರೆ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಇವಕ್ಕೆ ಬೇರೆಯದೇ ಕಸುವು. ಸರ್ಕಾರದ ಭಾಷೆ ಉರ್ದು, ಹೊಲದ ಭಾಷೆ ಕನ್ನಡ. ಇಂಗ್ಲೆಂಡಿನಲ್ಲೂ ಹೀಗೇ ಆಗಿತ್ತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ನ್ಯಾಯಾಲಯಕ್ಕೆ ಫ್ರೆಂಚ್ ಬಂತು, ಲ್ಯಾಟಿನ್ ಅಂತೂ ಇದ್ದೇ ಇತ್ತು. ಅಲ್ಲಿನ ಉಯಿಲುಗಳ ಮೇಲೆ ಇಂದಿಗೂ ಕಾಣುವ ‘ವಿಲ್ ಅಂಡ್ ಟೆಸ್ಟಮೆಂಟ್’ನಲ್ಲಿ ಮೊದಲನೆಯದು ಊರವರದು, ಎರಡನೆಯದು ಲ್ಯಾಟಿನ್ನಿನದು. ಆಳಿದವರು ಹೋದ ಮೇಲೂ ಅವರ ಪದವನ್ನು ಹೊರಗೆ ಹಾಕದೆ ನಮ್ಮದರ ಪಕ್ಕದಲ್ಲೇ ಕೂರಿಸಿಕೊಂಡ ಜನರ ದೊಡ್ಡತನ ನನಗೆ ಖರ್ಚುವೆಚ್ಚದಲ್ಲಿ ಕಾಣುತ್ತದೆ. ಉರ್ದುವಿನ ಗಜಲನ್ನು ಕನ್ನಡದಲ್ಲಿ ನೆಲೆಗೊಳಿಸಿದ ಶಾಂತರಸರು ರಾಯಚೂರು ಜಿಲ್ಲೆಯ ಹೆಂಬೇರಾಳದವರು ಎಂಬುದೂ ಆಕಸ್ಮಿಕವಲ್ಲ.

ಸಂಕಟವಾಗುವುದು ನಮ್ಮ ಕಡೆಯ ಜೋಡಿಗಳನ್ನು ಮಕ್ಕಳ ಪಟ್ಟಿಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದಾಗ. ‘ಅರಿವಿ ಅಂಚಡಿ’ ಎಂದು ಬರೆದರೆ ತಪ್ಪು, ‘ಬಟ್ಟೆಬರೆ’ ಸರಿ. ಬಟ್ಟೆಯ ಪಕ್ಕದ ‘ಬರೆ’ಗೆ ಇರುವ ಹಕ್ಕು ಅರಿವಿಯ ಪಕ್ಕದ ‘ಅಂಚಡಿ’ಗೆ ಯಾಕಿಲ್ಲ? ಎರಡೂ ಒಂದೇ ಕೆಲಸ ಮಾಡುತ್ತವೆ, ಉಡುವುದು ಹೊದೆಯುವುದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುತ್ತವೆ.

ಈ ‘ಗಿ’ಗೆ ನೋಯಿಸುವ ಶಕ್ತಿಯೂ ಇದೆ. ಬೆಳೆದ ಹುಡುಗಿಗೆ ‘ಸಾಲಿ ಗೀಲಿ ಇನ್ನ ಸಾಕು’ ಅಂದರೆ ಸಾಲಿಯ ಬೆಲೆ ಒಂದೇ ಅಕ್ಷರದಲ್ಲಿ ಹಾಳಾಗುತ್ತದೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆದರೆ ಅದೇ ಅಕ್ಷರ ಕಾಯುತ್ತದೆ ಕೂಡ. ದುಡಿಯಲು ಬೆಂಗಳೂರಿಗೆ ಹೋದ ಮಗ ಊರಲ್ಲಿರುವ ತಾಯಿಗೆ ಫೋನಿನಲ್ಲಿ ಹೇಳುತ್ತಾನೆ: ‘ಯವ್ವಾ, ಓಟಿಪಿ ಗೀಟಿಪಿ ಬಂದ್ರ ಯಾರಿಗೂ ಹೇಳಬ್ಯಾಡ.’ ಪಿನ್ನು, ಪಾಸ್‌ವರ್ಡು, ಗುರುತಿಲ್ಲದ ಲಿಂಕು ಒಂದೊಂದನ್ನೂ ಅವನು ವಿವರಿಸುತ್ತ ಕೂರಬೇಕಾಗಿಲ್ಲ. ಅವ್ವನಿಗೆ ಗೀಟಿಪಿ ಅರ್ಥವಾಗಿರುತ್ತದೆ.